ಬಸ್ಸು ನಿಲ್ಲೋ ಜಾಗ: ನಾಲ್ಕನೇ ಕ್ಲಾಸಿನಿಂದ ಕಾಲೇಜಿನ ದಾರಿ

ಹೋದ ವರ್ಷ ಇಂಡಿ ತಾಲ್ಲೂಕಿನ ನಮ್ಮೂರ ಕನ್ನಡ ಶಾಲೆಗೆ ಹೋಗಿದ್ದೆ. ನಾನು ಓದಿದ್ದೂ ಅಲ್ಲೇ. 4ನೇ ತರಗತಿಯ ಅಕ್ಕೋರು "ಮಕ್ಕಳ ಜೋಡಿ ಏನಾರ ಮಾತಾಡ್ರಿ" ಅಂತ ನನ್ನನ್ನು ಕೂರಿಸಿ, ಬಿಸಿಯೂಟದ ಲೆಕ್ಕ ಬರೆಯೋಕೆ ಹೋದರು. ಏನು ಮಾತಾಡಬೇಕೋ ತೋಚಲಿಲ್ಲ. "ಕಾಲೇಜು ಅಂದ್ರ ಏನು?" ಅಂತ ಕೇಳಿದೆ.

ಎದುರಿಗಿದ್ದ ಹುಡುಗ ಎದ್ದು ನಿಂತ. ಅಂಗಿ ಕೆಳಗೆ ಎಳೆದುಕೊಂಡ. "ಬಸ್ ನಿಂದ್ರತದ್ರೀ ಅಲ್ಲಿ" ಅಂದ.

ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ನೋಡಿದರೆ ಅವನು ತಪ್ಪೇನೂ ಹೇಳಿರಲಿಲ್ಲ. ಇಂಡಿಗೆ ಹೋಗೋ ಬಸ್ಸಿನಲ್ಲಿ ಕಂಡಕ್ಟರ್ "ಕಾಲೇಜ್, ಯಾರ್ರೀ ಕಾಲೇಜ್" ಅಂತ ಕೂಗುತ್ತಾರೆ. ಒಂದಿಷ್ಟು ಹುಡುಗ ಹುಡುಗಿಯರು ಬ್ಯಾಗು ಹೊತ್ತು ಇಳಿಯುತ್ತಾರೆ. ಬಸ್ಸು ಸಂತೆಯ ಕಡೆ ಹೊರಡುತ್ತದೆ. ಆ ಹುಡುಗನ ಪಾಲಿಗೆ ಕಾಲೇಜು ಅಂದರೆ ತನ್ನ ಮನೆಯವರು ಯಾರೂ ಇಳಿಯದ ಸ್ಟಾಪು.

ಅದೇ ಮಕ್ಕಳನ್ನು "ದೊಡ್ಡವರಾದ ಮ್ಯಾಲೆ ಏನಾಗ್ತೀರಿ?" ಅಂತ ಕೇಳಿದರೆ ಉತ್ತರಕ್ಕೆ ಬರವಿಲ್ಲ. ಡಾಕ್ಟರ್, ಪೊಲೀಸ್, ಮಿಲಿಟ್ರಿ, ಟೀಚರ್. ಒಬ್ಬಳು "ಡಿಸಿ" ಅಂದಳು. ಹೋಗಬೇಕಾದ ಊರಿನ ಹೆಸರು ಎಲ್ಲರಿಗೂ ಗೊತ್ತು. ಬಸ್ಸು ಯಾವುದು, ಎಲ್ಲಿ ಇಳಿದು ಬದಲಿಸಬೇಕು, ಕಿಸೆಯಲ್ಲಿ ಏನೇನು ಕಾಗದ ಇರಬೇಕು ಅನ್ನೋದು ಗೊತ್ತಿಲ್ಲ. ಮಕ್ಕಳಿಗಷ್ಟೇ ಅಲ್ಲ, ಅವರ ಅಪ್ಪ ಅವ್ವನಿಗೂ ಗೊತ್ತಿಲ್ಲ. ಪ್ರಾಥಮಿಕ ಶಾಲೆಯಿಂದಲೇ ಮಕ್ಕಳನ್ನು ಕಾಲೇಜಿನ ಕಡೆ ಮುಖ ಮಾಡಿಸಬೇಕು ಅಂತಾರಲ್ಲ, ಅದರ ತಿರುಳು ಈ ದಾರಿಯನ್ನು ಸಾಕಷ್ಟು ಮೊದಲೇ ತೋರಿಸೋದು ಅಂತ ನನ್ನ ತಿಳುವಳಿಕೆ. ಕನಸು ಬಿತ್ತೋ ಕೆಲಸ ಅಷ್ಟೇನೂ ಬಾಕಿ ಉಳಿದಿಲ್ಲ.

ಬಾವುಟದಿಂದ ಶುರುವಾದ ಕಥೆ

ಈ ಯೋಚನೆ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. 1980ರಲ್ಲಿ ಸ್ಯಾನ್ ಡಿಯಾಗೋದ ಒಂದು ಹೈಸ್ಕೂಲಿನಲ್ಲಿ ಮೇರಿ ಕ್ಯಾಥರಿನ್ ಸ್ವಾನ್ಸನ್ ಎಂಬ ಇಂಗ್ಲಿಷ್ ಟೀಚರ್ 'ಅವಿಡ್' ಎಂಬ ಕಾರ್ಯಕ್ರಮ ಶುರು ಮಾಡಿದರು. ಮನೆಯಲ್ಲಿ ಯಾರೂ ಕಾಲೇಜು ನೋಡಿರದ ಮಕ್ಕಳನ್ನು ಸೇರಿಸಿಕೊಂಡು, ಕಾಲೇಜಿಗೆ ಹೋಗೋಕೆ ಏನೇನು ಬೇಕೋ ಅದನ್ನೆಲ್ಲ ಕಲಿಸೋದು: ನೋಟ್ಸ್ ಬರೆಯೋದು, ಪ್ರಶ್ನೆ ಕೇಳೋದು, ಸಮಯ ಹಂಚಿಕೊಳ್ಳೋದು. ಆಮೇಲೆ ಇದು ಪ್ರಾಥಮಿಕ ಶಾಲೆಗಳಿಗೂ ಇಳಿಯಿತು. ಅದೇ ಊರಿನ ಒಂದು ಪ್ರಾಥಮಿಕ ಶಾಲೆಯಿಂದ ಬೆಳೆದ 'ನೋ ಎಕ್ಸ್‌ಕ್ಯೂಸಸ್ ಯೂನಿವರ್ಸಿಟಿ' ಎಂಬ ಜಾಲದಲ್ಲಿ ಪ್ರತಿ ತರಗತಿಯೂ ಒಂದು ವಿಶ್ವವಿದ್ಯಾಲಯವನ್ನು ದತ್ತು ತೆಗೆದುಕೊಳ್ಳುತ್ತದೆ. ಬಾಗಿಲ ಮೇಲೆ ಅದರ ಬಾವುಟ, ಮಕ್ಕಳ ಮೈಮೇಲೆ ಅದರ ಟೀಶರ್ಟು.

1994ರಲ್ಲಿ ಹ್ಯೂಸ್ಟನ್‌ನಲ್ಲಿ ಶುರುವಾದ 'ಕಿಪ್' ಶಾಲೆಗಳು ಇನ್ನೊಂದು ಉಪಾಯ ಮಾಡಿದವು. ಮಕ್ಕಳ ತಂಡವನ್ನು ಕರೆಯೋದೇ ಅವರು ಕಾಲೇಜಿಗೆ ಕಾಲಿಡಬೇಕಾದ ವರ್ಷದಿಂದ. ಇದು ನನಗೆ ಬಾವುಟಕ್ಕಿಂತ ಜಾಸ್ತಿ ಹಿಡಿಸಿತು. ನಮ್ಮಲ್ಲಿ ಲೆಕ್ಕ ಹಾಕಿ ನೋಡಿ. 2025ರ ಜೂನ್‌ನಲ್ಲಿ 4ನೇ ತರಗತಿಗೆ ಬಂದ ಮಗು 2032ರಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುತ್ತದೆ. ಅದೇ ಜೂನ್‌ನಲ್ಲಿ ಪಿಯು ಕಾಲೇಜು. ಅಮೆರಿಕದ ಮಗುವಿಗೆ ಕಾಲೇಜು ಬರೋದು ಹದಿನೆಂಟಕ್ಕೆ. ನಮ್ಮ ಮಗುವಿಗೆ ಹದಿನಾರಕ್ಕೇ ಬರುತ್ತದೆ. ಹಾಗಾಗಿ "ಇಷ್ಟು ಸಣ್ಣ ಮಕ್ಕಳಿಗೆ ಈಗಲೇ ಯಾಕೆ?" ಅನ್ನೋ ಪ್ರಶ್ನೆ ಅಲ್ಲಿಗಿಂತ ಇಲ್ಲಿ ಇನ್ನೂ ಸಡಿಲ.

ಕಿಪ್‌ನವರ ಇನ್ನೊಂದು ಕೆಲಸವನ್ನೂ ಮೆಚ್ಚಬೇಕು. ತಮ್ಮ ಹಳೆಯ ವಿದ್ಯಾರ್ಥಿಗಳು ಏನಾದರು ಅಂತ ಎಣಿಸಿ, 2011ರಲ್ಲಿ ಅವರೇ ಪ್ರಕಟಿಸಿದರು. ಮೊದಮೊದಲ ತಂಡಗಳಲ್ಲಿ ನಾಲ್ಕು ವರ್ಷದ ಡಿಗ್ರಿ ಮುಗಿಸಿದವರು 100ಕ್ಕೆ 33 ಮಂದಿ. ಬಡ ಮನೆಗಳ ಮಕ್ಕಳ ಮಟ್ಟಿಗೆ ಅದು ಅಲ್ಲಿನ ಸರಾಸರಿಗಿಂತ ಎಷ್ಟೋ ಹೆಚ್ಚು. ಆದರೂ ಮೂವರಲ್ಲಿ ಇಬ್ಬರು ಎಲ್ಲೋ ಇಳಿದುಹೋಗಿದ್ದರು. ಬಾವುಟ, ಘೋಷಣೆ, ಟೀಶರ್ಟು ಎಲ್ಲ ಇದ್ದೂ ಹೀಗಾಯಿತು. ಕಾಲೇಜಿನ ಬಾಗಿಲವರೆಗೆ ತಲುಪಿಸೋದು ಒಂದು ಕೆಲಸ, ಒಳಗೆ ಉಳಿಸೋದು ಮತ್ತೊಂದು.

ಬಾವುಟ ಯಾಕೆ ಬೇಕಾಯಿತು ಅನ್ನೋದು ನಮ್ಮ ಮನೆಗಳನ್ನೇ ನೋಡಿದರೆ ತಿಳಿಯುತ್ತದೆ. ಓದಿದವರ ಮನೆಯಲ್ಲಿ ಈ ಮಾತು ಊಟದ ಜೊತೆಗೇ ಬರುತ್ತದೆ. ಮಾಮಾ ಧಾರವಾಡದಲ್ಲಿ ಅಗ್ರಿ ಓದಿದ್ದು, ಚಿಗವ್ವ ಬಿಎಡ್ ಮಾಡೋವಾಗ ಹಾಸ್ಟೆಲ್ಲಿನ ಸಾರು ನೀರಾಗಿದ್ದದ್ದು, ಅಣ್ಣನ ಸಿಇಟಿ ರ್‍ಯಾಂಕು. ಯಾರೂ ಪಾಠ ಮಾಡೋದಿಲ್ಲ, ಮಗು ಕೇಳಿಸಿಕೊಳ್ಳುತ್ತದೆ ಅಷ್ಟೆ. ಮುಂಬೈಯಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2004ರ ಒಂದು ಬರಹದಲ್ಲಿ ಆಸೆಯನ್ನು ನಕ್ಷೆಗೆ ಹೋಲಿಸಿದ್ದಾರೆ. ಬಡವರಿಗೆ ಆಸೆ ಕಮ್ಮಿ ಇರುವುದಿಲ್ಲ. ಅವರ ಕೈಲಿರುವ ನಕ್ಷೆಯಲ್ಲಿ ಗೆರೆಗಳು ಕಮ್ಮಿ ಇರುತ್ತವೆ. ನಮ್ಮ ಹುಡುಗಿಯ 'ಡಿಸಿ'ಗೂ ಅವಳ 4ನೇ ತರಗತಿಗೂ ನಡುವೆ ಬಿಳಿ ಕಾಗದ ಬಿಟ್ಟರೆ ಏನೂ ಇರಲಿಲ್ಲ.

ಸಾಲೋಟಗಿಯ 27 ಮನೆ

ಇದೆಲ್ಲ ಹೊರದೇಶದ ಮಾತು, ನಮಗೆ ಒಗ್ಗೋದಿಲ್ಲ ಅನ್ನೋರು ಸಾಲೋಟಗಿಯನ್ನು ನೆನಪಿಸಿಕೊಳ್ಳಬೇಕು. ಅದೂ ಇಂಡಿ ತಾಲ್ಲೂಕೇ. ಹಳೆಯ ಹೆಸರು ಪಾವಿಟ್ಟಗೆ. ಕ್ರಿ.ಶ. 945ರ ಅಲ್ಲಿನ ಶಾಸನದ ಪ್ರಕಾರ ರಾಷ್ಟ್ರಕೂಟ ದೊರೆ 3ನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ಬೇರೆಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಇರೋಕೆ 27 ಮನೆಗಳನ್ನು ಬಿಟ್ಟುಕೊಟ್ಟಿದ್ದರು. ದೀಪದ ಖರ್ಚಿಗೆ ಬೇರೆ ಭೂಮಿ, ಗುರುವಿಗೆ ಬೇರೆ ಭೂಮಿ. ಊರಲ್ಲಿ ಮದುವೆ, ಮುಂಜಿ ನಡೆದರೆ ಶಾಲೆಗೆ ಇಂತಿಷ್ಟು ಕೊಡಬೇಕು ಅಂತ ಕಟ್ಟಲೆ. ಆ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ, ಅದನ್ನು ಮರೆಯೋ ಹಾಗಿಲ್ಲ. ಆದರೆ ಓದೋಕೆ ಬಂದವನಿಗೆ ಮಲಗೋ ಜಾಗ, ರಾತ್ರಿಗೆ ಬೆಳಕು ಬೇಕು ಅನ್ನೋದು ಊರಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು.

ಇವತ್ತು ನಮ್ಮ ಭಾಗದಲ್ಲಿ ಕಾಲೇಜಿಗೆ ಕೊರತೆ ಅನ್ನೋ ಹಾಗಿಲ್ಲ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರದು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಕಟ್ಟಿದ ಬಿಎಲ್‌ಡಿಇ ಸಂಸ್ಥೆ 1910ರದು. ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕೆಎಲ್‌ಇ ಶುರು ಮಾಡಿದ್ದು 1916ರಲ್ಲಿ. ಆ ಏಳೂ ಮಂದಿ ಶಾಲೆಯ ಪಾಠ ಗೊತ್ತಿದ್ದ ಶಿಕ್ಷಕರು ಅನ್ನೋದು ಗಮನಿಸಬೇಕಾದ ಮಾತು. ಆಮೇಲೆ ಬೆಳಗಾವಿಗೆ 1998ರಲ್ಲಿ ವಿಟಿಯು, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ವಿಜಯಪುರಕ್ಕೆ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಬಾಗಲಕೋಟೆಗೆ 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ. ತರಗತಿಗೊಂದು ಬಾವುಟ ಬೇಕೇ ಬೇಕು ಅನ್ನೋರಿಗೆ ಹೆಸರುಗಳಿಗೇನೂ ಬರ ಇಲ್ಲ.

ಕಟ್ಟಡ ಇದೆ, ಆದರೆ ಮಕ್ಕಳು ಎಷ್ಟು ಬರುತ್ತಾರೆ? ಉನ್ನತ ಶಿಕ್ಷಣದ 2021-22ರ ಕೇಂದ್ರ ಸಮೀಕ್ಷೆಯಲ್ಲಿ 18ರಿಂದ 23ರ ವಯಸ್ಸಿನವರ ದಾಖಲಾತಿ ಅನುಪಾತ ದೇಶಕ್ಕೆ 100ಕ್ಕೆ 28.4, ಕರ್ನಾಟಕಕ್ಕೆ 36.2. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು 2035ರ ಹೊತ್ತಿಗೆ 50 ಮಾಡಬೇಕು ಅನ್ನುತ್ತದೆ. 2035ಕ್ಕೆ ಹದಿನೆಂಟು ಹತ್ತೊಂಬತ್ತರ ವಯಸ್ಸಿನವರು ಯಾರು? ಈಗ 4ನೇ ತರಗತಿಯಲ್ಲಿ ಅಂಗಿ ಎಳೆದುಕೊಂಡು ನಿಂತಿರೋರು.

ನೆಲದ ಮೇಲೊಂದು ದಾರಿ

ಡಾಫ್ನಾ ಒಯ್ಸರ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ ಡೆಟ್ರಾಯಿಟ್ ನಗರದ ಬಡ ಬಡಾವಣೆಗಳ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದ್ದರು. 2006ರಲ್ಲಿ ಅದರ ಫಲ ಪ್ರಕಟವಾಯಿತು. ಅಲ್ಲಿ 8ನೇ ತರಗತಿಯ ಮಕ್ಕಳಿಗೆ ಮುಂದಿನ ಬದುಕನ್ನು ಒಂದು ದಾರಿಯಾಗಿ ಕಾಣಿಸಿದರು. ದಾರಿ ಎಲ್ಲಿ ಕವಲೊಡೆಯುತ್ತದೆ? ಎಲ್ಲಿ ಅಡ್ಡಿ ಬರುತ್ತದೆ? ಬಂದರೆ ಏನು ಮಾಡೋದು? ಅದಕ್ಕಾಗಿ ಈ ವಾರ ಏನು ಮಾಡಬೇಕು? ಇಷ್ಟೇ. ಎರಡು ವರ್ಷದ ನಂತರ ನೋಡಿದಾಗಲೂ ಆ ಮಕ್ಕಳ ಗೈರುಹಾಜರಿ ಕಮ್ಮಿ ಇತ್ತು, ಅಂಕ ಉತ್ತಮವಾಗಿತ್ತು. ಕಷ್ಟ ಬರುತ್ತದೆ ಅಂತ ಮೊದಲೇ ಹೇಳಿದ್ದರಿಂದ, ಕಷ್ಟ ಬಂದಾಗ "ಇದು ನನ್ನಂಥವರಿಗಲ್ಲ" ಅಂತ ಮಕ್ಕಳಿಗೆ ಅನ್ನಿಸಲಿಲ್ಲ.

ನಾವು ಇದನ್ನು ನಮ್ಮ ಅಳತೆಗೆ ತಂದೆವು. ಅಕ್ಕೋರು ವರಾಂಡದ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಉದ್ದಕ್ಕೆ ಒಂದು ದಾರಿ ಎಳೆದರು. ಈ ತುದಿ 4ನೇ ತರಗತಿ, ಆ ತುದಿ ಡಿಗ್ರಿ. ನಡುವೆ ನಿಲ್ದಾಣಗಳು.

5ನೇ ತರಗತಿಯ ಹತ್ತಿರ ಮೊದಲ ಕವಲು. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ವಿಜಯಪುರದಲ್ಲೇ 1963ರಿಂದ ಇರುವ ಸೈನಿಕ ಶಾಲೆ: ಇವೆಲ್ಲ 6ನೇ ತರಗತಿಗೆ ಪರೀಕ್ಷೆ ಇಟ್ಟು ತೆಗೆದುಕೊಳ್ಳುತ್ತವೆ. ಅರ್ಜಿ ಹಾಕೋದು 5ರಲ್ಲಿ ಇದ್ದಾಗ. 5 ದಾಟಿದ ಮೇಲೆ ಗೊತ್ತಾದರೆ ಏನು ಪ್ರಯೋಜನ?

7ರ ನಂತರ ಎರಡನೇ ತಿರುವು. ನಮ್ಮೂರಲ್ಲಿ ಶಾಲೆ 7ಕ್ಕೆ ಮುಗಿಯುತ್ತದೆ. ಹೈಸ್ಕೂಲು ಪಕ್ಕದ ಊರಲ್ಲಿ. ಇಲ್ಲಿ ಸದ್ದಿಲ್ಲದೆ ಹುಡುಗಿಯರು ಕಮ್ಮಿಯಾಗುತ್ತಾರೆ. ಶಾಲೆ ಬಿಟ್ಟಳು ಅಂತ ಯಾರೂ ಹೇಳೋದಿಲ್ಲ, "ಮುಂದ ಹಚ್ಚಿಲ್ಲ" ಅಂತಾರೆ.

8ರಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವರ್ಷದ ಆದಾಯ ಮೂರೂವರೆ ಲಕ್ಷದ ಒಳಗಿದ್ದರೆ. ಪಾಸಾಗಿ ಆಯ್ಕೆಯಾದರೆ 9ರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000 ಆಯಿತು. ಇದರಲ್ಲಿ ಅರ್ಧ ಪ್ರಶ್ನೆಗಳು ತರ್ಕದವು: ಸರಣಿ ಪೂರ್ತಿ ಮಾಡು, ಬೇರೆಯಾದದ್ದನ್ನು ಗುರುತಿಸು. 8ನೇ ತರಗತಿಯ ನವೆಂಬರ್‌ನಲ್ಲಿ ಪುಸ್ತಕ ಕೊಟ್ಟು ಓದು ಅಂದರೆ ಆಗೋದಿಲ್ಲ. ನಾಲ್ಕು ಐದನೇ ತರಗತಿಯಿಂದ ಒಗಟು, ಚೌಕಬಾರ, ಲೆಕ್ಕದ ಆಟ ಆಡಿದ ಮಗುವಿಗೆ ಅದು ಆಟವೇ.

10 ಆದ ಮೇಲೆ ದಾರಿ ಮೂರಾಯಿತು. ಪಿಯು, ಡಿಪ್ಲೊಮಾ, ಐಟಿಐ. ಡಿಪ್ಲೊಮಾ ಮುಗಿಸಿದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಹೋಗಬಹುದು ಅಂದಾಗ ಮಕ್ಕಳಿಗಿಂತ ಹಿಂದೆ ನಿಂತಿದ್ದ ಒಬ್ಬ ತಂದೆಯೇ ಹೆಚ್ಚು ಕಿವಿಗೊಟ್ಟು ಕೇಳಿದರು.

ಆಮೇಲೆ ಅಕ್ಕೋರು ಮಕ್ಕಳಿಗೆ ಒಂದೊಂದು ಕಲ್ಲು ಕೊಟ್ಟು, "ಎಲ್ಲಿ ಅಡ್ಡಿ ಬರ್ತದ, ಅಲ್ಲಿ ಇಡ್ರಿ" ಅಂದರು. ಒಬ್ಬ ಹುಡುಗ 5ರಲ್ಲೇ ಇಟ್ಟ. "ಕಬ್ಬು" ಅಂದ. ದೀಪಾವಳಿ ಆಸುಪಾಸಿಗೆ ಅಪ್ಪ ಅವ್ವ ಕಬ್ಬು ಕಡಿಯೋ ಗ್ಯಾಂಗಿನ ಜೊತೆ ಹೊರಡುತ್ತಾರೆ, ಇವನೂ ಹೋಗುತ್ತಾನೆ. ಒಬ್ಬಳು 10ರ ಆಚೆ ಇಟ್ಟು ಸುಮ್ನೆ ನಿಂತಳು. ಪಕ್ಕದವಳು ಅವಳ ಪರವಾಗಿ "ಲಗ್ನರೀ" ಅಂದಳು. ಇನ್ನೊಬ್ಬಳು 7ರ ತಿರುವಿನಲ್ಲಿ ಇಟ್ಟು "ನಾಯಿ" ಅಂದಳು. ನಕ್ಕೆವು. ಹೈಸ್ಕೂಲಿನ ದಾರಿಯಲ್ಲಿರೋ ತೋಟದ ನಾಯಿ ಅವಳ ಅಕ್ಕನನ್ನು ಅಟ್ಟಿಸಿಕೊಂಡು ಬಂದಿತ್ತಂತೆ. ಅಕ್ಕ ಆಮೇಲೆ ಹೋಗಲಿಲ್ಲವಂತೆ. ನಗು ನಿಂತಿತು.

ನಾಯಿಯ ಸಮಸ್ಯೆ ಸುಲಭದ್ದು. ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಯಲ್ಲಿ ತೋಟದವರನ್ನು ಕರೆದು ಹೇಳಿದರು, ಬೆಳಗ್ಗೆ ಕಟ್ಟಿಹಾಕೋಕೆ ಒಪ್ಪಿದರು. ಆದರೆ ಆ ಕಲ್ಲು ಇಡಿಸದೇ ಹೋಗಿದ್ದರೆ ಅದು ಯಾರ ವರದಿಯಲ್ಲೂ ಬರುತ್ತಿರಲಿಲ್ಲ.

ಕಬ್ಬು ಅಷ್ಟು ಸುಲಭವಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಟಿ.ಸಿ. ಇಲ್ಲ ಅನ್ನೋ ಕಾರಣಕ್ಕೆ ಮಗುವನ್ನು ಸೇರಿಸಿಕೊಳ್ಳದೆ ಕಳಿಸೋ ಹಾಗಿಲ್ಲ ಅಂತ ಅದು ಹೇಳುತ್ತದೆ. ಮಗು ವಲಸೆ ಹೋಗೋ ಮುಂಚೆ ಅದರ ಎಸ್‌ಎಟಿಎಸ್ ನಂಬರನ್ನು, ಅಂದರೆ ರಾಜ್ಯದ ಶಾಲಾ ದಾಖಲೆಯಲ್ಲಿ ಆ ಮಗುವಿಗಿರೋ ನಂಬರನ್ನು, ಒಂದು ಚೀಟಿಯಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟರೆ, ರಾಜ್ಯದೊಳಗೆ ಫ್ಯಾಕ್ಟರಿ ಹತ್ತಿರದ ಯಾವುದೇ ಶಾಲೆಯಲ್ಲಿ ಅವನ ದಾಖಲೆ ಹುಡುಕಬಹುದು. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಆ ನಂಬರ್ ನಡೆಯೋದಿಲ್ಲ, ಕಾಯ್ದೆ ಮಾತ್ರ ನಡೆಯುತ್ತದೆ. ಇನ್ನೂ ಒಳ್ಳೆಯದು ಅಂದರೆ ಮಗುವನ್ನು ಊರಲ್ಲೇ ಮುತ್ಯಾ, ಆಯಿ ಹತ್ತಿರ ಬಿಡಿಸೋದು. ಅದಕ್ಕೆ ಹೆಡ್ ಮಾಸ್ತರು ಅಕ್ಟೋಬರಿನಲ್ಲೇ ಆ ಮನೆಗೆ ಹೋಗಿ ಕೂರಬೇಕು. ಗಾಡಿ ಹತ್ತೋ ದಿನ ಹೋದರೆ ಯಾರೂ ಮಾತು ಕೇಳೋದಿಲ್ಲ.

ಲಗ್ನದ ಕಲ್ಲಿನ ಬಗ್ಗೆ ಒಂದು ಲೆಕ್ಕ ಹೇಳಬೇಕು. ಹುಡುಗಿ ಎಸ್‌ಎಸ್‌ಎಲ್‌ಸಿ ಮುಗಿಸೋದು ಹದಿನಾರಕ್ಕೆ. ಕಾಯ್ದೆ ಪ್ರಕಾರ ಮದುವೆಗೆ ಹದಿನೆಂಟಾಗಬೇಕು. ನಡುವಿನ ಎರಡು ವರ್ಷ ಅಂದರೆ ಸರಿಯಾಗಿ ಪಿಯು ಎರಡು ವರ್ಷ. ಮನೆಯಲ್ಲಿ ಕೂತ ಹುಡುಗಿಗೆ ಗಂಡು ಹುಡುಕೋಕೆ ಶುರು ಮಾಡುತ್ತಾರೆ. ಬ್ಯಾಗು ಹಾಕಿಕೊಂಡು ಬಸ್ಸು ಹತ್ತೋ ಹುಡುಗಿಯ ವಿಷಯದಲ್ಲಿ "ಪಿಯುಸಿ ಮುಗೀಲಿ" ಅನ್ನೋ ಮಾತಾದರೂ ಬರುತ್ತದೆ. 1098 ಅನ್ನೋ ಮಕ್ಕಳ ಸಹಾಯವಾಣಿ ನಂಬರನ್ನು ಆ ಕಲ್ಲಿನ ಪಕ್ಕ ಬರೆದೆವು. ಆದರೆ ನನಗೆ ಹೆಚ್ಚು ನಂಬಿಕೆ ಇರೋದು ಆ ಬ್ಯಾಗಿನ ಮೇಲೆ.

ರಿಜಿಸ್ಟರಿನಲ್ಲಿ ಬರೆದ ಹೆಸರು

ಈಗ ಯಾರೂ ಭಾಷಣದಲ್ಲಿ ಹೇಳದ ವಿಷಯ. ಮಗುವಿನ ಕಾಲೇಜು 1ನೇ ತರಗತಿಯ ದಾಖಲಾತಿ ರಿಜಿಸ್ಟರಿನಲ್ಲಿ ಶುರುವಾಗುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ನಮ್ಮ ಕಡೆ ಅಡ್ಡಹೆಸರು ಇರುತ್ತದಲ್ಲ, ಅದನ್ನು ಶಾಲೆಯಲ್ಲಿ ಬರೆದಿದ್ದರು. ಬೇರೆ ಕಾಗದಗಳಲ್ಲಿ ಅದು ಬಿಟ್ಟುಹೋಗಿತ್ತು. ಅಪ್ಪನ ಹೆಸರು ಶಾಲೆಯಲ್ಲಿ ಮನೆಯವರು ಕರೆಯೋ ಹೆಸರು, ರೇಷನ್ ಕಾರ್ಡಿನಲ್ಲಿ ಪೂರ್ತಿ ಹೆಸರು. ಡಿಗ್ರಿಗೆ ಸೇರಿದಾಗ ವಿದ್ಯಾರ್ಥಿವೇತನದ ಅರ್ಜಿ ವಾಪಸ್ ಬಂತು. ಅಫಿಡವಿಟ್ಟು, ನೋಟರಿ, ಮತ್ತೆ ನಾಡಕಚೇರಿ, ಮತ್ತೆ ಶಾಲೆ. ಅಷ್ಟೊತ್ತಿಗೆ ಆ ವರ್ಷದ ದುಡ್ಡು ಕೈತಪ್ಪಿತು. ತಪ್ಪು ಯಾರದು ಅಂತ ಹುಡುಕೋದು ವ್ಯರ್ಥ. ಆ ಜೂನ್ ತಿಂಗಳಲ್ಲಿ ನಲವತ್ತು ಮಕ್ಕಳ ಹೆಸರು ಹಚ್ಚಿಕೊಳ್ಳುತ್ತಿದ್ದ ಮಾಸ್ತರರು ಅಪ್ಪ ಹೇಳಿದ್ದನ್ನು ಬರೆದುಕೊಂಡಿದ್ದರು, ಅಪ್ಪನಿಗೆ ಓದೋಕೆ ಬರುತ್ತಿರಲಿಲ್ಲ. ನಮ್ಮ ಓರಗೆಯಲ್ಲಿ ಅರ್ಧ ಊರು ಜೂನ್ 1ರಂದು ಹುಟ್ಟಿದ್ದೂ ಹೀಗೆಯೇ.

ಶಾಲೆಯ ರಿಜಿಸ್ಟರಿನ ಹೆಸರೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲದಕ್ಕೂ ಅದೇ ಆಧಾರ. ಹಾಗಾಗಿ ಪ್ರಾಥಮಿಕ ಶಾಲೆ ಮಾಡಬಹುದಾದ ದೊಡ್ಡ ಉಪಕಾರ ಎಂದರೆ ಪ್ರತಿ ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ತಾರೀಖನ್ನು ಜನನ ಪ್ರಮಾಣಪತ್ರ, ಆಧಾರ್ ಎರಡರ ಜೊತೆ ತಾಳೆ ನೋಡೋದು. ಸಣ್ಣ ತರಗತಿಯಲ್ಲಿದ್ದಾಗ ತಿದ್ದೋದು ಓಡಾಟದ ಕೆಲಸ ಅಷ್ಟೆ. 10 ದಾಟಿದ ಮೇಲೆ ಅದೇ ದೊಡ್ಡ ರಂಪ. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರನ್ನೂ ಮಗುವಿನ ಹೆಸರಿನ ಮುಂದೆ ಬರೆದಿಟ್ಟರೆ ಎಷ್ಟೋ ಅರ್ಜಿಗಳು ಉಳಿಯುತ್ತವೆ.

ಇನ್ನೂ ಒಂದು ಇದೆ. ಎಂಜಿನಿಯರಿಂಗ್‌ನಂಥ ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮಕ್ಕಳಿಗೆ 100ಕ್ಕೆ 15, ಕನ್ನಡ ಮಾಧ್ಯಮದವರಿಗೆ 5 ಸೀಟು ಮೀಸಲು. ಎರಡಕ್ಕೂ ಷರತ್ತು ಒಂದೇ ಥರದ್ದು: 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಮೊದಲನೆಯದಕ್ಕೆ ಹಳ್ಳಿಯಲ್ಲಿ, ಎರಡನೆಯದಕ್ಕೆ ಕನ್ನಡದಲ್ಲಿ ಓದಿರಬೇಕು, ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ ಸಹಿ ಬೇಕು. ನಮ್ಮ ಊರುಗಳಲ್ಲಿ ಮಗುವನ್ನು 3ರಲ್ಲಿ ವಿಜಯಪುರದ ಇಂಗ್ಲಿಷ್ ಶಾಲೆಗೆ ಹಚ್ಚಿ, ಖರ್ಚು ನೀಗದೆ 5ಕ್ಕೆ ವಾಪಸ್ ಕರೆದುಕೊಂಡು ಬರೋದು ಸಾಮಾನ್ಯ. ಆ ಎರಡು ವರ್ಷದಲ್ಲಿ ಮಗು ಏನು ಕಲಿಯಿತೋ ಬಿಡಿ, ಎರಡೂ ಮೀಸಲಾತಿ ಹೋಯಿತು. ಹಾಗಂತ ಪೇಟೆಗೆ ಹಚ್ಚಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಹಚ್ಚೋ ಮುಂಚೆ ಇದು ಗೊತ್ತಿರಲಿ. ಅಂದಹಾಗೆ, ಪಕ್ಕದ ಕಲಬುರಗಿ ವಿಭಾಗಕ್ಕೆ ಇರುವ ಸಂವಿಧಾನದ 371ಜೆ ವಿಧಿಯ ಮೀಸಲಾತಿ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಈ ನಮ್ಮ ಮೂರು ಜಿಲ್ಲೆಗಳಿಗೆ ಇಲ್ಲ. ಹಾಗಾಗಿ ಇದ್ದದ್ದನ್ನಾದರೂ ಕಳೆದುಕೊಳ್ಳಬಾರದು ಅಲ್ವಾ?

ಅದೇ ಓಣಿಯ ಅಕ್ಕ

ಶಾಲೆಯ ಗೋಡೆಯ ಮೇಲೆ ದೊಡ್ಡವರ ಫೋಟೊ ಇರುತ್ತದೆ. ಇರಲಿ. ಆದರೆ 4ನೇ ತರಗತಿಯ ಹುಡುಗಿಗೆ ಕಲಾಂ ಬಹಳ ದೂರ. ಅದೇ ಓಣಿಯಿಂದ ದಿನಾ ಎಂಟೂವರೆ ಬಸ್ಸಿಗೆ ಹೋಗೋ, ಪ್ರಥಮ ಪಿಯು ಓದೋ ಅಕ್ಕ ಹತ್ತಿರ.

ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದನ್ನು ಮಾಡಿದವರಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಕೂಡ ಇದ್ದರು. ಪಂಚಾಯಿತಿ ಪ್ರಧಾನ ಸ್ಥಾನ ಮಹಿಳೆಯರಿಗೆ ಮೀಸಲಾಗಿ, ಎರಡು ಅವಧಿ ಹೆಂಗಸರೇ ಆ ಕುರ್ಚಿಯಲ್ಲಿದ್ದ ಹಳ್ಳಿಗಳನ್ನು ಅವರು ನೋಡಿದರು. ಗಂಡು ಮಕ್ಕಳ ಬಗ್ಗೆ ತಂದೆ ತಾಯಿ ಇಟ್ಟುಕೊಂಡ ಆಸೆಗೂ ಹೆಣ್ಣು ಮಕ್ಕಳ ಬಗ್ಗೆ ಇಟ್ಟುಕೊಂಡ ಆಸೆಗೂ ಇದ್ದ ಅಂತರ ಅಲ್ಲಿ ಇಳಿದಿತ್ತು. ಹದಿಹರೆಯದ ಮಕ್ಕಳಲ್ಲೇ ನೋಡಿದರೆ ಆ ಅಂತರ 100ಕ್ಕೆ 32ರಷ್ಟು ಇಳಿದಿತ್ತು. ಓದಿನಲ್ಲಿದ್ದ ಅಂತರವಂತೂ ಅಳಿಸಿಹೋಗಿತ್ತು. ಹೊಸ ಶಾಲೆ ಕಟ್ಟಿರಲಿಲ್ಲ. ಕಣ್ಣೆದುರಿಗೆ ಒಬ್ಬ ಹೆಂಗಸು ಓಡಾಡುತ್ತಿದ್ದಳು.

ನಮ್ಮಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ದಾರಿಯ ಖರ್ಚು ಅನ್ನೋ ನೆಪ ಅರ್ಧ ಹೋಯಿತು. ಹಾಗಾಗಿ ಕಾಲೇಜಿಗೆ ಹೋಗೋ ಅಕ್ಕಂದಿರು ಸಿಗೋದು ಈಗ ಕಷ್ಟವಲ್ಲ. ಶನಿವಾರದ ಬೆಳಗಿನ ಶಾಲೆಗೆ ಒಬ್ಬಳನ್ನು ಕರೆಸಿದೆವು. ಭಾಷಣ ಬೇಡ, ನಿನ್ನ ಬ್ಯಾಗು ತೆಗೆದು ತೋರಿಸು ಅಂದೆವು. ಅವಳು ಫಿಸಿಕ್ಸ್ ಪುಸ್ತಕ ತೆಗೆದಳು. ಪ್ರಾಕ್ಟಿಕಲ್ ರೆಕಾರ್ಡ್ ತೆಗೆದಳು. ಮಕ್ಕಳು ಅದರ ಚಿತ್ರಗಳನ್ನು ಮುಟ್ಟಿ ಮುಟ್ಟಿ ನೋಡಿದರು. "ಎಲ್ಲಾ ಇಂಗ್ಲಿಷ್ ಅದನ್ರೀ ಅಕ್ಕಾ?" ಅಂತ ಒಬ್ಬಳು ಕೇಳಿದಳು. "ಹೂಂ, ಮೊದಲ ಮೂರು ತಿಂಗಳು ನಾ ದಿನಾ ಅತ್ತೀನಿ" ಅಂದಳು ಅವಳು.

ಆ ಮಾತು ನಾನು ಕೇಳಿದ ಎಷ್ಟೋ ಭಾಷಣಗಳಿಗಿಂತ ಉಪಯೋಗಕ್ಕೆ ಬಂತು. ಕನ್ನಡ ಮಾಧ್ಯಮದಲ್ಲಿ 10ರಲ್ಲಿ ಒಳ್ಳೆಯ ಅಂಕ ಪಡೆದವರು ಪಿಯು ವಿಜ್ಞಾನದಲ್ಲಿ ಎಡವೋದು ಬುದ್ಧಿ ಇಲ್ಲದೆ ಅಲ್ಲ, ಪದ ಗೊತ್ತಿಲ್ಲದೆ. ದ್ಯುತಿಸಂಶ್ಲೇಷಣೆ ಅವರಿಗೆ ಚೆನ್ನಾಗಿ ಗೊತ್ತು, ಅದೇ ಫೋಟೋಸಿಂಥೆಸಿಸ್ ಅಂತ ಗೊತ್ತಿಲ್ಲ. ಪಾಠ ಕನ್ನಡದಲ್ಲೇ ಇರಲಿ, ಆಳವಾಗಿ ತಿಳಿಯೋದು ಅದರಲ್ಲೇ. ದಿನಕ್ಕೆ ಎರಡು ಪದವನ್ನು ಎರಡೂ ಭಾಷೆಯಲ್ಲಿ ಗೋಡೆಗೆ ಹಚ್ಚಿದರೆ 10ರ ಹೊತ್ತಿಗೆ ಮಗುವಿನ ಬಳಿ ದೊಡ್ಡ ಗಂಟೇ ಇರುತ್ತದೆ.

ಇದೆಲ್ಲದರ ಅಡಿಪಾಯ ಓದೋಕೆ ಬರೋದು. 2022ರ ಅಸರ್ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳ 5ನೇ ತರಗತಿ ಮಕ್ಕಳಲ್ಲಿ 2ನೇ ತರಗತಿಯ ಪಾಠ ಸರಾಗ ಓದಿದವರು 100ಕ್ಕೆ 42.8. ಓದೋಕೆ ಬಾರದ ಮಗುವಿನ ತಲೆಯ ಮೇಲೆ ಯಾವ ವಿಶ್ವವಿದ್ಯಾಲಯದ ಬಾವುಟ ಕಟ್ಟಿದರೂ ಅದು ಬಟ್ಟೆಯೇ.

ಎಮ್ಮೆ ಕಾಯೋ ಮಾತು

ನಮ್ಮ ಶಾಲೆಗಳಲ್ಲಿ ಒಂದು ಬೈಗುಳ ಇದೆ. "ನೀ ಎಮ್ಮಿ ಕಾಯಾಕ ಲಾಯಕ್." ನನಗೂ ಬಿದ್ದಿದೆ. ಇದರಲ್ಲಿ ಎರಡು ತಪ್ಪು. ಒಂದು, ಒಂಬತ್ತು ವರ್ಷದ ಮಗುವಿನ ದಾರಿಯನ್ನು ಅಲ್ಲಿಗೇ ಮುಗಿಸೋದು. ಇನ್ನೊಂದು, ಎಮ್ಮೆ ಕಾಯೋದು ದಡ್ಡರ ಕೆಲಸ ಅನ್ನೋದು. ಆ ಮಗುವಿನ ಅಪ್ಪ ಮಾಡೋದೂ ಅದನ್ನೇ.

ಕಾಲೇಜಿನ ಮಾತು ಆಡುವಾಗ ನನಗೆ ಇರೋ ಅಳುಕೂ ಇದೇ. ಓದು ಅಂದರೆ ಹೊಲ ಬಿಟ್ಟು ಓಡೋದು ಅಂತ ಮಗುವಿಗೆ ತಲೆಗೆ ಹೋದರೆ ನಾವು ಸೋತಂತೆ. ಡಿಗ್ರಿ ಹಿಡಿದು ಕೆಲಸ ಸಿಗದೆ ಕಟ್ಟೆ ಮೇಲೆ ಕೂತವರೂ ಊರಲ್ಲಿ ಇದ್ದಾರೆ, ಮಕ್ಕಳಿಗೆ ಅವರೂ ಕಾಣುತ್ತಾರೆ. ಅದಕ್ಕೇ ನಾನು ಹಿಟ್ಟಿನಹಳ್ಳಿಯ ಕೃಷಿ ಕಾಲೇಜಿನ ಮಾತು ಎತ್ತುತ್ತೇನೆ. ವಿಜಯಪುರದ ಮಗ್ಗುಲಲ್ಲೇ ಇದೆ. ಕೃಷಿ, ತೋಟಗಾರಿಕೆಯಂಥ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ ಗುರುತಿಸು, ಸಲಕರಣೆ ಗುರುತಿಸು ಅಂತ ಕೇಳುತ್ತಾರೆ. ಇದನ್ನು ಹೇಳಿದಾಗ ಅದೇ ಬಸ್ ಸ್ಟಾಪಿನ ಹುಡುಗ "ಕೂರಿಗಿ, ಕುಂಟಿ ಎಲ್ಲಾ ನನಗ ಗೊತ್ತದರೀ" ಅಂದ. ಇಂಡಿಯ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ನಿಂಬೆ ಗಿಡದ ರೋಗ ಗೊತ್ತಿರೋ ಒಬ್ಬರು ಊರಲ್ಲೇ ಇದ್ದರೆ ಎಷ್ಟು ಉಪಯೋಗ ಅಂತ ಅವನ ಅಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ದುಡ್ಡಿನ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋ ನಗರ 2011ರಿಂದ ಸರ್ಕಾರಿ ಶಾಲೆಗೆ ಸೇರುವ ಪ್ರತಿ ಪುಟ್ಟ ಮಗುವಿನ ಹೆಸರಲ್ಲಿ 50 ಡಾಲರ್ ಹಾಕಿ ಕಾಲೇಜು ಖಾತೆ ತೆರೆಯುತ್ತಿದೆ. ನಮ್ಮಲ್ಲಿ ಹೆಣ್ಣು ಮಕ್ಕಳಿಗೆ 2015ರಿಂದ ಸುಕನ್ಯಾ ಸಮೃದ್ಧಿ ಇದೆ. ಹತ್ತು ವರ್ಷ ತುಂಬೋದರೊಳಗೆ ಅಂಚೆ ಕಚೇರಿಯಲ್ಲಿ ಖಾತೆ ತೆರೆಯಬೇಕು, ವರ್ಷಕ್ಕೆ 250 ರೂಪಾಯಿ ಹಾಕಿದರೂ ನಡೆಯುತ್ತದೆ. 10ನೇ ತರಗತಿ ಪಾಸಾದ ಮೇಲೆ ಅಥವಾ ಹದಿನೆಂಟಾದ ಮೇಲೆ ಅರ್ಧದವರೆಗೆ ಓದಿಗೆ ತೆಗೆಯಬಹುದು. 4ನೇ ತರಗತಿ ಅಂದರೆ ಹೆಚ್ಚುಕಮ್ಮಿ ಕೊನೆಯ ಅವಕಾಶ. ಮೊತ್ತ ಸಣ್ಣದೇ ಇರಲಿ, ಆ ಪಾಸ್‌ಬುಕ್ಕಿನಲ್ಲಿ ಮಗಳ ಹೆಸರಿರುತ್ತದೆ.

ಈ ವರ್ಷ ಡಿಸೆಂಬರಿನ ಒಂದು ಶನಿವಾರ ಮಕ್ಕಳನ್ನು ಅದೇ ಬಸ್ಸು ಹತ್ತಿಸಿ, ಅದೇ ಸ್ಟಾಪಿನಲ್ಲಿ ಇಳಿಸಿದೆವು. ಕಂಡಕ್ಟರ್ "ಇಷ್ಟು ಸಣ್ಣವ್ರು ಕಾಲೇಜಿಗ್ಯಾಕ್ರೀ?" ಅಂತ ನಕ್ಕರು. ಪಿಯು ಕಾಲೇಜಿನವರು ಲ್ಯಾಬು ತೆರೆದು ತೋರಿಸಿದರು. ಲಿಟ್ಮಸ್ ಕಾಗದ ಬಣ್ಣ ಬದಲಿಸಿದ್ದು ಎಲ್ಲರಿಗೂ ಇಷ್ಟವಾಯಿತು. ಪ್ರಿನ್ಸಿಪಾಲರು "ಏನಾದರೂ ಕೇಳ್ರಿ" ಅಂದಾಗ ಮಾತ್ರ ಎಲ್ಲ ಗಪ್‌ಚುಪ್. ಕೊನೆಗೆ ಕಬ್ಬಿನ ಕಲ್ಲಿಟ್ಟಿದ್ದ ಹುಡುಗ ಕೈ ಎತ್ತಿದ.

"ಇಲ್ಲಿ ಊಟ ಕೊಡ್ತಾರೇನ್ರೀ?"

ಯಾರೂ ನಗಲಿಲ್ಲ. ಬಿಸಿಯೂಟ 10ನೇ ತರಗತಿಗೆ ನಿಲ್ಲುತ್ತದೆ. ಪ್ರಿನ್ಸಿಪಾಲರು ಒಂದು ಕ್ಷಣ ತಡೆದು, ಕಾಲೇಜಿನಲ್ಲಿ ಇಲ್ಲ, ಸರ್ಕಾರಿ ಹಾಸ್ಟೆಲ್ ಸಿಕ್ಕರೆ ಅಲ್ಲಿ ಊಟ ಇದೆ ಅಂದರು. ಅರ್ಜಿ ಯಾವಾಗ ಹಾಕಬೇಕು, ಯಾವ ಪ್ರಮಾಣಪತ್ರ ಬೇಕು ಅಂತ ಹೇಳಿದರು. ಅಕ್ಕೋರು ಬರೆದುಕೊಂಡರು. ಸೋಮವಾರ ವರಾಂಡದ ದಾರಿಯಲ್ಲಿ, 10ರ ನಿಲ್ದಾಣದ ಆಚೆ, ಒಂದು ತಟ್ಟೆಯ ಚಿತ್ರ ಬರೆದು ಪಕ್ಕದಲ್ಲಿ 'ಹಾಸ್ಟೆಲ್' ಅಂತ ಬರೆದರು.